ಅಕ್ಕಿಯೊಳಗ ಬರದ ಹೆಸರು

ಅಕ್ಕಾ, ಮಾಮಿ, ವೈನಿ, ಎಲ್ಲಾರೂ ಕೇಳ್ರಿ. ಮದುವ್ಯಾಗ ಸೊಸಿ ಹೆಸರು ಬದಲಿ ಮಾಡೋ ಪದ್ಧತಿ ಇನ್ನ ಸಾಕು. ಸಿಟ್ಟ ಬಂದ್ರೂ ಅಡ್ಡಿಯಿಲ್ಲ, ಹೇಳೇ ಹೇಳ್ತೀನಿ.

ನಮ್ಮ ತಮ್ಮ ಅಮೆರಿಕಾದ ಸಿಟಿಜನ್. ಅವ್ವನ್ನ ಕಾಯಂ ಕರಕೊಳ್ಳಲಿಕ್ಕೆ ಐ-130 ಅರ್ಜಿ ಹಾಕಬೇಕು. ಮಗಗ 21 ವರ್ಷ ತುಂಬಿರಬೇಕು, ಸಿಟಿಜನ್‌ಶಿಪ್ ಕಾಗದ ಬೇಕು, ತಾಯಿ ಹೆಸರಿರೋ ಅಂವನ ಜನ್ಮದಾಖಲೆ ಬೇಕು. ತಾಯಿ ಹೆಸರು ಬದಲಾಗಿದ್ರ ಅದಕ್ಕೂ ಪುರಾವೆ ಬೇಕು. ಇಲ್ಲೇ ಸಿಕ್ಕೊಂಡ್ವಿ ನೋಡ್ರಿ. ತಮ್ಮನ ದಾಖಲೆಯೊಳಗ ಅವ್ವಂದು ಅತ್ತಿಮನಿ ಹೆಸರು. ಪಾಸ್‌ಪೋರ್ಟ್ ಆಗಿದ್ದು ಶಾಲಿ ಸರ್ಟಿಫಿಕೇಟಿನ ತವರಮನಿ ಹೆಸರಿನ ಮ್ಯಾಲೆ. ಹೆತ್ತ ತಾಯಿ ಕಾಗದದಾಗ ಇಬ್ಬರಾದ್ಲು!

"ಆವಾಗ ಯಾಕ ಸರಿ ಮಾಡಿಸಲಿಲ್ಲ?" ಅಂತ ಎಲ್ಲಾರೂ ಅವ್ವಗ ಬೈತಾರ. ತಾಟಿನ ಅಕ್ಕಿಯೊಳಗ ಉಂಗುರಲೆ ಹೆಸರು ಬರದಾಂವ ಅಪ್ಪ, ಬರಸಿದಾವರು ಹಿರ್ಯಾರು. ಆಕಿನ್ನ ಯಾರರ ಕೇಳಿದ್ರೇನು? ಈಗ ಅಫಿಡವಿಟ್ ಹಿಡಕೊಂಡು ಅಲೆಯೋದು ಮಾತ್ರ ಆಕಿ ಪಾಲಿಗೆ.

"ಅದು ಶಾಸ್ತ್ರ" ಅಂತೀರಿ. ಶಾಸ್ತ್ರಕ್ಕ ಅಕ್ಕಿಯೊಳಗ ಕುಲದೇವರ ಹೆಸರು ಬರೀರಿ, ಹುಡಿಗಿ ಹೆಸರು ಮುಟ್ಟಬ್ಯಾಡ್ರಿ. ಹೆಸರು ಬದಲಾದಾವರು ನಿಮ್ಮ ಆಧಾರ್, ಪಾಸ್‌ಪೋರ್ಟ್, ಮಕ್ಕಳ ಜನ್ಮದಾಖಲೆ ಇವತ್ತೇ ಒಂದಕಡೆ ಇಟ್ಟು ತಾಳೆ ನೋಡ್ರಿ.