ನೀರಿಗಿಳಿಯೋಕೆ ಒಂದು ಕಾರ್ಡ್ ಸಾಕಾ?

ಮೊನ್ನೆ ಭಾನುವಾರ ಅಕ್ಕನ ಮಗ ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದ. ಅವನೂ ಅವನ ಹೆಂಡತಿಯೂ ಸ್ಕೂಬಾ ಡೈವಿಂಗಿನ ಮೊದಲ ಕೋರ್ಸ್ ‘ಓಪನ್ ವಾಟರ್’ ಮುಗಿಸಿದ್ದಾರೆ. ಡಿಸೆಂಬರಿನಲ್ಲಿ ಇಬ್ಬರೂ ಅಂಡಮಾನಿಗೆ ಹೊರಟಿದ್ದಾರೆ. “ಮುಂದಿನ ಕೋರ್ಸ್ ಯಾವಾಗಪ್ಪಾ?” ಅಂದೆ. “ಮತ್ಯಾಕೆ ಮಾವ? ಕಾರ್ಡ್ ಸಿಕ್ತಲ್ಲ. ಉಳಿದದ್ದೆಲ್ಲ ಅವರು ದುಡ್ಡು ಮಾಡೋ ದಾರಿ” ಅಂದ.

ಅವನ ಮಾತು ಪೂರ್ತಿ ಸುಳ್ಳಲ್ಲ. ಬರೀ ಕಾರ್ಡ್ ಕೂಡಿಹಾಕುವವರನ್ನು ನಾನೂ ನೋಡಿದ್ದೇನೆ. ಆದರೆ ನನ್ನ ಕಥೆ ಕೇಳಿ.

ಐವತ್ತರ ಹೊಸ್ತಿಲಲ್ಲಿ, ಎಲ್‌ಎಫ್‌ಸಿ ಹಾಕಿ ಅಂಡಮಾನಿಗೆ ಹೋದಾಗ ನಾನು ಆ ಕೋರ್ಸ್ ಮಾಡಿದ್ದು. ಆಮೇಲೆ ಆಡಿಟ್, ವರ್ಗಾವಣೆ ಅಂತ ಎರಡು ವರ್ಷ ನೀರಿಗಿಳಿಯಲಿಲ್ಲ. ಒಮ್ಮೆ ಊರಿಗೆ ಹೋದಾಗ ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿಯಲ್ಲಿ ಇಳಿದೆ. 16 ಮೀಟರ್ ಆಳ. ಮೀನು ನೋಡುತ್ತಾ ಗೇಜ್ ನೋಡುವುದನ್ನೇ ಮರೆತೆ. ನೋಡಿದರೆ 200 ಬಾರ್ ಇದ್ದದ್ದು 40ಕ್ಕೆ ಬಂದಿದೆ! ಕೈಕಾಲು ಬಡಿಯುತ್ತಾ ನೇರ ಮೇಲಕ್ಕೆ ಹೊರಟೆ. ಗೈಡ್ ಹಿಡಿದು ತಡೆದ. ತನ್ನ ಹೆಚ್ಚುವರಿ ರೆಗ್ಯುಲೇಟರ್ ಕೊಟ್ಟ. ನಿಧಾನವಾಗಿ ಮೇಲೆ ತಂದು, 5 ಮೀಟರಿನಲ್ಲಿ 3 ನಿಮಿಷ ನಿಲ್ಲಿಸಿದ.

ವೇಗವಾಗಿ ಮೇಲೆ ಬಂದರೆ ಮೈಯಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಬಹುದು, ಉಸಿರು ಬಿಗಿಹಿಡಿದರೆ ಶ್ವಾಸಕೋಶಕ್ಕೇ ಪೆಟ್ಟು. ಇದೆಲ್ಲ ನಾನು ಪರೀಕ್ಷೆಯಲ್ಲಿ ಬರೆದು ಪಾಸಾದದ್ದೇ. ಆ ಗಳಿಗೆಯಲ್ಲಿ ಒಂದೂ ನೆನಪಿಗೆ ಬರಲಿಲ್ಲ.

ಮೊದಲ ಕಾರ್ಡಿನ ಮಿತಿ 18 ಮೀಟರ್. ‘ಅಡ್ವಾನ್ಸ್ಡ್’ ಮಾಡಿದರೆ 30. ಬ್ಯಾಂಕಿನವನು, ಲೆಕ್ಕ ಬಿಡಲಾರೆ: 10 ಮೀಟರಿನಲ್ಲಿ ಒತ್ತಡ ಮೇಲಿನ ಎರಡರಷ್ಟು, 30ರಲ್ಲಿ ನಾಲ್ಕರಷ್ಟು. 10 ಮೀಟರಿನಲ್ಲಿ ಒಂದು ಗಂಟೆ ಬರುವ ಗಾಳಿ 30ರಲ್ಲಿ ಅರ್ಧ ಗಂಟೆಗೇ ಖಾಲಿ. ಆ ಕೋರ್ಸಿನಲ್ಲಿ ಇರುವುದು ಐದೇ ಡೈವ್. ಐದಕ್ಕೆ ಯಾರೂ ಪಂಡಿತರಾಗುವುದಿಲ್ಲ, ನಿಜ. ಆದರೆ ಐದರಲ್ಲೂ ನಮ್ಮ ತಪ್ಪು ತಿದ್ದಲು ಒಬ್ಬರು ಪಕ್ಕದಲ್ಲೇ ಇರುತ್ತಾರೆ. ನಾವು ದುಡ್ಡು ಕೊಡುವುದು ಅದಕ್ಕೆ.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮುಖ್ಯ ಅದರ ಮುಂದಿನ ‘ರೆಸ್ಕ್ಯೂ’ ಕೋರ್ಸ್. ಜೊತೆಗಾರನ ಕಣ್ಣು, ಉಸಿರು ನೋಡಿಯೇ ಗಾಬರಿ ಗುರುತಿಸುವುದು, ಪ್ರಜ್ಞೆ ತಪ್ಪಿದವನನ್ನು ಮೇಲೆ ತರುವುದು ಎಲ್ಲ ಅಲ್ಲಿ ಮಾಡಿಸುತ್ತಾರೆ. 53ನೇ ವಯಸ್ಸಿಗೆ ಮಾಡಿದೆ. ಮೈಯೆಲ್ಲ ನೋವು, ಆದರೆ ಅವತ್ತಿನ ನನ್ನ ಗಾಬರಿ ನನಗೆ ಅರ್ಥವಾದದ್ದು ಅಲ್ಲೇ.

ಸಿಎಐಐಬಿ ಪರೀಕ್ಷೆಯನ್ನು ನಮ್ಮಲ್ಲಿ ಬಹಳ ಜನ ಇನ್‌ಕ್ರಿಮೆಂಟಿಗಾಗಿ ಬರೆದೆವು. ಇದನ್ನು ಹಾಗೆ ಮಾಡಬೇಡಿ. ಈಗಲೇ ಅಷ್ಟು ದುಡ್ಡಿಲ್ಲವೆಂದರೆ, ಕಡೇಪಕ್ಷ ಪ್ರವಾಸಕ್ಕೆ ಮೊದಲು ಈಜುಕೊಳದಲ್ಲಿ ಕಲಿತದ್ದನ್ನೇ ತರಬೇತುದಾರರ ಎದುರು ಇನ್ನೊಮ್ಮೆ ಮಾಡಿ.

ಅಳಿಯನಿಗೆ ಹೇಳಿದ್ದು ಇಷ್ಟೇ: “ಅವಳಿಗೆ ಕೆಳಗೆ ಗಾಬರಿಯಾದ್ರೆ ಪಕ್ಕದಲ್ಲಿರೋದು ನೀನು. ನಿಂಗಾದ್ರೆ ಅವಳು.” ಸುಮ್ಮನಾದ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದ, “ಮಾವ, ಇಬ್ಬರಿಗೂ ಸೇರಿ ಫೀಸು ಎಷ್ಟಾಗಬಹುದು?”