ದೇವರಾಜ ಮಾರುಕಟ್ಟೆ: ನೆನಪೂ ಪುರಾವೆಯೇ

ಮೈಸೂರಿನಲ್ಲಿ ಬೆಳೆದವರು ಬಾಲ್ಯದ ಊರನ್ನು ನೆನೆಯುವಾಗ ಅರಮನೆಯಷ್ಟೇ ಸಲೀಸಾಗಿ ದೇವರಾಜ ಮಾರುಕಟ್ಟೆಯ ಹೂವಿನ ಸಾಲು, ಚಿಕ್ಕ ಗಡಿಯಾರದ ಸುತ್ತಲಿನ ಗಿಜಿಗಿಜಿ, ಲ್ಯಾನ್ಸ್‌ಡೌನ್ ಕಟ್ಟಡದ ಕಮಾನುಗಳಡಿಯ ಹಳೇ ಪುಸ್ತಕದಂಗಡಿಗಳು ಮಾತಿಗೆ ಬರುತ್ತವೆ. ಕಟ್ಟಡ ಉಳಿಸುವ ಚರ್ಚೆ ಬಂದಾಗಲೆಲ್ಲ ಇಂಥ ಮಾತನ್ನು ಬರೀ ಭಾವುಕತೆ ಎಂದು ಬದಿಗೆ ಸರಿಸುವುದು ರೂಢಿಯಾಗಿದೆ. ಅದು ತಪ್ಪು. ಒಂದು ಕಟ್ಟಡ ಊರಿಗೆ ಏನು ಕೆಲಸಕ್ಕೆ ಬರುತ್ತಿತ್ತು ಎಂಬುದಕ್ಕೆ ಬಾಲ್ಯದ ನೆನಪೇ ಗಟ್ಟಿ ಸಾಕ್ಷಿ. ವಾಸ್ತುಶೈಲಿ ಮಕ್ಕಳಿಗೆ ತಿಳಿಯದು. ನಂಜನಗೂಡು ರಸಬಾಳೆ ಯಾವ ಸಾಲಿನಲ್ಲಿ ಸಿಗುತ್ತದೆ, ಮಲ್ಲಿಗೆಯನ್ನು ಮೊಳ ಹಾಕಿ ಕೊಡುವವರು ಎಲ್ಲಿ ಕೂರುತ್ತಾರೆ, ಅರ್ಧ ಬೆಲೆಗೆ ಪಠ್ಯಪುಸ್ತಕ ಎಲ್ಲಿ ದೊರೆಯುತ್ತದೆ ಎಂಬುದು ಮಾತ್ರ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಪಾರಂಪರಿಕ ಕಟ್ಟಡದ ಭವಿಷ್ಯ ತೀರ್ಮಾನಿಸುವವರು ಮೊದಲು ಗಮನಿಸಬೇಕಾದದ್ದು ಈ ಬಳಕೆಯನ್ನು. ಮುಂಭಾಗದ ಚೆಲುವು ಆಮೇಲಿನದು.

ಜೀವಭಯ ದೊಡ್ಡದಲ್ಲವೇ ಎಂಬ ಆಕ್ಷೇಪ ಹಗುರವಾದದ್ದಲ್ಲ. 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷಗಳ ನಂತರ, 2016ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಒಂದು ಭಾಗ ದುರಸ್ತಿ ನಡೆಯುತ್ತಿದ್ದಾಗಲೇ ಬಿತ್ತು. ಯಾರ ಬಾಲ್ಯವೂ ಆ ನಾಲ್ಕು ಜೀವಗಳಿಗಿಂತ ಹೆಚ್ಚಿನದಲ್ಲ. ಆದರೆ ಈ ಕಟ್ಟಡಗಳು ವಯಸ್ಸಾದ ಮಾತ್ರಕ್ಕೆ ಬಿದ್ದವು ಎಂದು ಒಪ್ಪಲಾಗದು. ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಗೋಡೆಗೆ ನೀರೇ ಶತ್ರು. ತಾರಸಿ ಸೋರಬೇಕು, ಬಿರುಕಿನಲ್ಲಿ ಅರಳಿ ಸಸಿ ಬೇರುಬಿಡಬೇಕು, ಅದರ ಮೇಲೆ ಸಿಮೆಂಟು ಮೆತ್ತಿ ತೇವವನ್ನು ಒಳಗೇ ಕೂಡಿಹಾಕಬೇಕು. ಆಗ ಗಾರೆ ಹಿಡಿತ ಬಿಡುತ್ತದೆ. ಇವೆಲ್ಲ ವರ್ಷವರ್ಷವೂ ಕಣ್ಣಿಗೆ ಕಾಣುವ, ಸಣ್ಣ ಖರ್ಚಿನಲ್ಲಿ ತಡೆಯಬಹುದಾದ ಕೆಡುಕುಗಳು. ಬೆಂಗಳೂರಿನ ಅಠಾರಾ ಕಚೇರಿ ಇವೆರಡಕ್ಕಿಂತ ಹಳೆಯದು, 1860ರ ದಶಕದ್ದು. 1980ರ ದಶಕದಲ್ಲಿ ಅದನ್ನು ಕೆಡವುವ ಮಾತು ಬಂದು, ನಾಗರಿಕರ ವಿರೋಧದಿಂದ ಉಳಿಯಿತು. ಹೈಕೋರ್ಟ್ ಇಂದಿಗೂ ಅಲ್ಲಿದೆ. ಸದಾ ಬಳಕೆಯಲ್ಲಿದ್ದು ಆರೈಕೆ ಕಂಡ ಕಟ್ಟಡ ನಿಲ್ಲುತ್ತದೆ.

ಹಳೆಯದು ಹೋದರೇನು, ಅದೇ ರೂಪದಲ್ಲಿ ಹೊಸದು ಕಟ್ಟಿದರಾಯಿತು ಎನ್ನುವವರು ಅರಮನೆಯನ್ನೇ ಮುಂದಿಡುತ್ತಾರೆ. 1897ರಲ್ಲಿ ಮರದ ಅರಮನೆ ಸುಟ್ಟುಹೋಗಿ, ಹೆನ್ರಿ ಇರ್ವಿನ್ ವಿನ್ಯಾಸದ ಈಗಿನದು 1912ರಲ್ಲಿ ಮುಗಿದದ್ದು ನಿಜ. ಹಾಗಿದ್ದೂ ಊರಿನ ಪಾಲಿಗೆ ಅರಮನೆ ಅರಮನೆಯಾಗಿಯೇ ಉಳಿದದ್ದು ಹೇಗೆ? ಜಾಗ ಬದಲಾಗಲಿಲ್ಲ, ದಸರಾ ನಿಲ್ಲಲಿಲ್ಲ. ಮಾರುಕಟ್ಟೆಗೂ ಇದೇ ಅಳತೆಗೋಲು ಹಿಡಿಯೋಣ. ದುರಸ್ತಿ ಸಾಧ್ಯವಿರುವ ಕಡೆ ದುರಸ್ತಿಯೇ ಆಗಬೇಕು ಎಂಬುದು ನನ್ನ ಸ್ಪಷ್ಟ ನಿಲುವು. ಅನಿವಾರ್ಯವಾಗಿ ಕೆಡವಲೇಬೇಕಾದರೂ ಕಮಾನುಗಳ ನಕಲು ಸಾಲದು. ಹೂವಿನವರು, ವೀಳ್ಯದೆಲೆಯವರು, ಕುಂಕುಮ-ಅರಿಸಿನದ ವ್ಯಾಪಾರಿಗಳು ತಾವು ಕಟ್ಟಬಲ್ಲ ಬಾಡಿಗೆಗೆ ಅದೇ ಸಾಲುಗಳಿಗೆ ಮರಳುವಂತಿರಬೇಕು. ಬಾಡಿಗೆ ಏರಿಸಿ ಅವರನ್ನು ಹೊರಗಟ್ಟಿದರೆ ಉಳಿಯುವುದು ಹಳೆಯ ಹೆಸರಿನ ಹೊಸ ಮಾಲ್ ಅಷ್ಟೇ.

ಊರು ಬದಲಾಗಲೇಬೇಕು, ಹಳಹಳಿಕೆ ಊರು ಬಿಟ್ಟುಹೋದವರ ಚಟ ಎಂಬ ಟೀಕೆಯೂ ಇದೆ. ದಿನಬೆಳಗಾದರೆ ಅಲ್ಲಿ ಹೂ ಮಾರಿ ಬದುಕುವವರಿಗೆ, ಅಗ್ಗದ ತರಕಾರಿಗೆ ಬರುವ ಮನೆಯವರಿಗೆ ಇದು ಹಳಹಳಿಕೆಯ ವಿಷಯವಲ್ಲ. ಊರು ಬಿಟ್ಟವರ ನೆನಪೂ ಅವರ ಬೆಂಬಲಕ್ಕೆ ನಿಲ್ಲಬಲ್ಲದು. ಆದ್ದರಿಂದ ಮೈಸೂರಿನಲ್ಲಿ ಬೆಳೆದವರೆಲ್ಲರಲ್ಲಿ ಒಂದು ಕೋರಿಕೆ: ನಿಮ್ಮ ಮನೆಯ ಹಳೆಯ ಫೋಟೊಗಳನ್ನು ಹುಡುಕಿ, ಯಾವ ಸಾಲಿನಲ್ಲಿ ಯಾವ ವ್ಯಾಪಾರವಿತ್ತು ಎಂದು ಬರೆದು ಮಹಾನಗರ ಪಾಲಿಕೆಗೆ ಕಳುಹಿಸಿ. ಮಾರುಕಟ್ಟೆಯ ದುರಸ್ತಿಯದಾಗಲಿ ಮರುನಿರ್ಮಾಣದ್ದಾಗಲಿ, ಕೆಲಸದ ನಕ್ಷೆ ಅಂತಿಮವಾಗುವ ಮೊದಲೇ ಅದು ಕಡತ ಸೇರಲಿ.