ಮನೋವಿಜ್ಞಾನದ ಬಾಗಿಲು ಬೀದರಿನ ಮಕ್ಕಳಿಗೂ ಕಾಣಲಿ

ಡಿಸೆಂಬರ್ ಮುಗಿದು ಜನವರಿ ಬಂತೆಂದರೆ ನನ್ನ ಫೋನಿಗೆ ಬೀದರ್, ಕಲಬುರಗಿ, ಯಾದಗಿರಿ ಕಡೆಯ ಕರೆಗಳು ಹೆಚ್ಚುತ್ತವೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಸಿಯುಇಟಿ-ಪಿಜಿಗೆ ಅರ್ಜಿ ತುಂಬುವ ಕಾಲ ಅದು. ನಾನು ಹುಮನಾಬಾದಿನವಳು, ಹೈದರಾಬಾದಿನ ಪದವಿ ಕಾಲೇಜೊಂದರಲ್ಲಿ ಮನೋವಿಜ್ಞಾನ ಕಲಿಸುತ್ತೇನೆ ಎಂಬಷ್ಟಕ್ಕೇ ನನ್ನ ನಂಬರು ಒಬ್ಬರಿಂದ ಒಬ್ಬರಿಗೆ ಹೋಗಿದೆ. ಬಿ.ಎ. ಕೊನೆಯ ವರ್ಷದವರೇ ಹೆಚ್ಚು. ಕೇಳುವುದು ಬಹುಪಾಲು ಒಂದೇ: “ಅಕ್ಕೋರೆ, ಸೈಕಾಲಜಿ ಎಂ.ಎ. ಮಾಡಿದ್ರ ದವಾಖಾನ್ಯಾಗ ಕೆಲಸ ಸಿಗ್ತದೇನ್ರಿ?”

ಆ ಪ್ರಶ್ನೆಗೆ ಉತ್ತರ ಅವರಿಗೆ ಬಿ.ಎ. ಸೇರುವ ದಿನವೇ ಸಿಗಬೇಕಿತ್ತು. ಎಂ.ಎ. ಒಂದರಿಂದಲೇ ಯಾರೂ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. 1992ರ ಕಾಯ್ದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಪುಸ್ತಕದಲ್ಲಿ ಹೆಸರು ಇರಬೇಕು. ಅದಕ್ಕೆ ಪರಿಷತ್ತು ಒಪ್ಪಿದ ಸಂಸ್ಥೆಯಲ್ಲಿ ಎಂ.ಎ. ನಂತರ ಎರಡು ವರ್ಷದ ಎಂ.ಫಿಲ್. ಮಾಡುವುದು ಇಷ್ಟು ದಿನದ ರೂಢಿ. ಬೆಂಗಳೂರಿನ ನಿಮ್ಹಾನ್ಸ್ ಎಲ್ಲರಿಗೂ ಗೊತ್ತು. ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿ 1984ರಿಂದ ಬೌದ್ಧಿಕ ಅಂಗವೈಕಲ್ಯದ ರಾಷ್ಟ್ರೀಯ ಸಂಸ್ಥೆ ಇದೆ, ಅಲ್ಲಿ ಪುನರ್ವಸತಿ ಮನೋವಿಜ್ಞಾನದ ಎಂ.ಫಿಲ್. ನಡೆದಿದೆ ಎಂಬುದು ಬೀದರಿನಲ್ಲಿ ಎಷ್ಟು ಜನಕ್ಕೆ ಗೊತ್ತು? ಈಗ ಆ ದಾರಿಯೂ ಬದಲಾಗುತ್ತಿದೆ. ಯುಜಿಸಿ 2022ರ ನಿಯಮಾವಳಿಯಲ್ಲಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು. ಆಮೇಲೆ ಚಿಕಿತ್ಸಾ ಮನೋವಿಜ್ಞಾನ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ ಎರಡಕ್ಕೆ ಮಾತ್ರ 2025-26ರವರೆಗೆ ಅವಕಾಶ ಕೊಟ್ಟಿತು. ನಿಯಮ ಹೀಗೆ ವರ್ಷವರ್ಷಕ್ಕೂ ಬದಲಾಗುವಾಗ ಸುದ್ದಿ ಮೊದಲು ತಲುಪಿದವರು ಮುಂದೆ ಹೋಗುತ್ತಾರೆ, ತಲುಪದವರಿಗೆ ಎರಡು ವರ್ಷ ನಷ್ಟ.

ಹೈದರಾಬಾದಿನ ಬೇಗಂಪೇಟೆಯಲ್ಲೋ ಬೆಂಗಳೂರಿನ ಜಯನಗರದಲ್ಲೋ ಓದುವ ಹುಡುಗಿಗೆ ಇದೆಲ್ಲ ಎರಡನೇ ವರ್ಷಕ್ಕೇ ಗೊತ್ತಿರುತ್ತದೆ. ಸೀನಿಯರ್‌ಗಳು ಹೇಳುತ್ತಾರೆ, ಪರಿಚಯದ ಕೌನ್ಸೆಲರ್ ಹೇಳುತ್ತಾರೆ, ಕಾಲೇಜಿನಲ್ಲೇ ಯಾರೋ ಬಂದು ಉಪನ್ಯಾಸ ಕೊಟ್ಟಿರುತ್ತಾರೆ. ಬಸವಕಲ್ಯಾಣದ ಹುಡುಗಿಗೆ ಹೇಳುವವರಿಲ್ಲ. ಆಕೆ ಜಾಣೆ, ಓದುವವಳು, ಆದರೂ ಹಿಂದೆ ಬೀಳುತ್ತಾಳೆ. ನಮ್ಮ ಪ್ರವೇಶ ವ್ಯವಸ್ಥೆ ಬುದ್ಧಿಯನ್ನು ಅಳೆಯುವ ಮೊದಲೇ ಮಾಹಿತಿಯನ್ನು ಅಳೆದುಬಿಡುತ್ತದೆ ಎಂಬುದೇ ನನ್ನ ತಕರಾರು.

ಈ ಕತ್ತಲಲ್ಲಿ ವ್ಯಾಪಾರ ಮಾಡುವವರೂ ಇದ್ದಾರೆ. ಕಲಬುರಗಿ ಕಡೆಯ ಒಬ್ಬ ಹುಡುಗ ಆರು ತಿಂಗಳ ಆನ್‌ಲೈನ್ ಸರ್ಟಿಫಿಕೇಟಿಗೆ ಅಪ್ಪ ತೊಗರಿ ಮಾರಿದ ದುಡ್ಡು ಕಟ್ಟಿದ್ದ. ಅದು ಸಿಕ್ಕರೆ ಥೆರಪಿ ಕೊಡಬಹುದು ಎಂದು ಅವನಿಗೆ ಹೇಳಿದ್ದರು. ಆ ಕಾಗದಕ್ಕೆ ಕಾನೂನಿನಲ್ಲಿ ಯಾವ ಬೆಲೆಯೂ ಇರಲಿಲ್ಲ.

ಭಾಷೆಯ ವಿಷಯಕ್ಕೆ ಬರುತ್ತೇನೆ. ಪಿಯುಸಿ ಮುಗಿಸಿದವರು ಬರೆಯುವ ಸಿಯುಇಟಿ-ಯುಜಿ 13 ಭಾಷೆಗಳಲ್ಲಿದೆ, ಅದರಲ್ಲಿ ಕನ್ನಡವೂ ಒಂದು. ಗಚ್ಚಿಬೌಲಿಯ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಆರೋಗ್ಯ ಮನೋವಿಜ್ಞಾನ ಕೇಂದ್ರವಿದೆ, ಪಿಯುಸಿ ಆದವರು ಆ ಪರೀಕ್ಷೆ ಬರೆದು ಸೇರಬಹುದಾದ ಐದು ವರ್ಷದ ಇಂಟಿಗ್ರೇಟೆಡ್ ಎಂ.ಎಸ್ಸಿ. ಇದೆ. ಹದಿನೆಂಟರ ವಯಸ್ಸಿನಲ್ಲಿ ಕನ್ನಡದಲ್ಲಿ ಪರೀಕ್ಷೆ ಬರೆಯಲು ಬಿಟ್ಟ ವ್ಯವಸ್ಥೆಯೇ ಇಪ್ಪತ್ತೊಂದಕ್ಕೆ ಬಂದಾಗ ಬಿಡುವುದಿಲ್ಲ. ಸಿಯುಇಟಿ-ಪಿಜಿಯ ಮನೋವಿಜ್ಞಾನ ಪತ್ರಿಕೆ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಅಧ್ಯಾಪಕರ ಅರ್ಹತೆಯ ನೆಟ್ ಪರೀಕ್ಷೆಯದೂ ಅದೇ ಕಥೆ. ಹಿಂದಿಯಲ್ಲಿ ಮನೋವಿಜ್ಞಾನ ಓದಿದವನಿಗೆ ಅವನ ಭಾಷೆಯಲ್ಲೇ ಪ್ರಶ್ನೆ ಸಿಗುವುದಾದರೆ ಕನ್ನಡದಲ್ಲಿ, ತೆಲುಗಿನಲ್ಲಿ ಓದಿದವರಿಗೂ ಸಿಗಬೇಕು. ಮೊದಲ ಪರೀಕ್ಷೆಯಲ್ಲಿ ಸಾಧ್ಯವಾದ ಅನುವಾದ ಎರಡನೆಯದರಲ್ಲಿ ಏಕೆ ಸಾಧ್ಯವಿಲ್ಲ?

ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲೂ ಮನೋವಿಜ್ಞಾನ ವಿಭಾಗವಿದೆ, ಆದರೆ ಸೀಟುಗಳ ಹೆಚ್ಚಿನ ಪಾಲು ಸ್ಥಳೀಯರಿಗೆ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಈಗ ಆ ಜಿಲ್ಲೆಗಳ ಮಕ್ಕಳು ಇಲ್ಲಿ ಹೊರಗಿನವರು. ಅದು ಗಡಿ ಬದಲಾದದ್ದರ ಫಲ, ಅದಕ್ಕೆ ಯಾರನ್ನೂ ದೂರುವುದಿಲ್ಲ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಅಲ್ಲಿಯೂ ಮನೋವಿಜ್ಞಾನ ಕಲಿಸುತ್ತಾರೆ ಎಂದು ಹೇಳಿದರೆ ಕಲಬುರಗಿಯ ಮಕ್ಕಳೇ “ಹೌದೇನ್ರಿ?” ಎನ್ನುವಾಗ ಮಾತ್ರ ಮನಸ್ಸು ನೋಯುತ್ತದೆ.

ಅರ್ಜಿಯ ಜೊತೆ ಕೆಲವು ಖಾಸಗಿ ಮತ್ತು ಹೊರದೇಶದ ವಿಶ್ವವಿದ್ಯಾಲಯಗಳು ಒಂದು ಬರಹ ಕೇಳುತ್ತವೆ, ಈ ವಿಷಯವನ್ನೇ ಏಕೆ ಓದಬೇಕೆಂದಿದ್ದೀರಿ ಎಂದು. ಸಂದರ್ಶನದಲ್ಲೂ ಮೊದಲ ಪ್ರಶ್ನೆ ಅದೇ. ನನ್ನ ಬಳಿ ಬರುವ ಕರಡುಗಳಲ್ಲಿ ಬಹುಪಾಲು ಫ್ರಾಯ್ಡ್‌ನಿಂದ ಶುರುವಾಗುತ್ತವೆ. ಚಿಕ್ಕಂದಿನಿಂದ ಮನುಷ್ಯನ ಮನಸ್ಸಿನ ಬಗ್ಗೆ ಕುತೂಹಲ ಎಂಬ ವಾಕ್ಯ ಎರಡನೆಯದು. ಅಫಜಲಪುರ ತಾಲ್ಲೂಕಿನ ಒಬ್ಬ ಹುಡುಗಿಯದೂ ಹಾಗೇ ಇತ್ತು. ಕರಡನ್ನು ಪಕ್ಕಕ್ಕಿಟ್ಟು, ನಿನ್ನ ಊರಲ್ಲಿ ಮನಸ್ಸು ಕೆಟ್ಟವರನ್ನು ಎಲ್ಲಿಗೆ ಕರೆದೊಯ್ಯುತ್ತಾರೆ ಎಂದು ಕೇಳಿದೆ. “ಗಾಣಗಾಪುರಕ್ಕ್ರೀ” ಎಂದಳು.

ದತ್ತಾತ್ರೇಯ ದೇವಸ್ಥಾನದ ಆರತಿಯ ಹೊತ್ತಿಗೆ ಅಲ್ಲಿ ಏನಾಗುತ್ತದೆಂದು ಆಕೆ ಚಿಕ್ಕಂದಿನಿಂದ ನೋಡಿದ್ದಳು. ಮೈಮೇಲೆ ಬಂದವರು ಕಂಬ ಹಿಡಿದು ಕೂಗುವುದು, ತಿಂಗಳುಗಟ್ಟಲೆ ಅಲ್ಲೇ ಬೀಡುಬಿಟ್ಟ ಮಹಾರಾಷ್ಟ್ರದ ಕುಟುಂಬಗಳು, ಮಗಳ ಕೂದಲು ಬಾಚುತ್ತಾ ಕೂತ ತಾಯಂದಿರು. ಮೈಮೇಲೆ ಬರುವವರು ಹೆಚ್ಚಾಗಿ ಹೊಸದಾಗಿ ಮದುವೆಯಾದ ಹೆಂಗಸರೇ ಏಕೆ ಎಂದು ಆಕೆ ತನಗೆ ತಾನೇ ಕೇಳಿಕೊಂಡಿದ್ದಳು. ತನ್ನ ಓಣಿಯ ಒಬ್ಬ ಹೆಂಗಸು ಅಲ್ಲಿಗೆ ಹೋಗಿ ಬಂದಮೇಲೆ ಕೆಲವು ತಿಂಗಳು ಸರಿಯಿದ್ದು, ಗಂಡನ ಮನೆಗೆ ಹೋದ ಕೂಡಲೇ ಮತ್ತೆ ಹಾಗಾದದ್ದನ್ನು ಗಮನಿಸಿದ್ದಳು. ಇದನ್ನೇ ಬರೆ ಎಂದೆ. ಹಿಂಜರಿದಳು. ಊರಿನ ಮೂಢನಂಬಿಕೆ ಬರೆದರೆ ನಗುತ್ತಾರೆ ಎಂಬ ಭಯ ಆಕೆಗೆ. ಯಾರನ್ನೂ ಹೀಯಾಳಿಸದೆ, ಯಾವುದನ್ನೂ ವೈಭವೀಕರಿಸದೆ, ಕಂಡಷ್ಟನ್ನು ಬರೆದು ಕೊನೆಗೆ ನಿನಗೆ ತಿಳಿಯದ್ದನ್ನು ಪ್ರಶ್ನೆಯಾಗಿ ಇಡು ಎಂದೆ. ಆಮೇಲೆ ಆಕೆ ತಂದ ಎರಡು ಪುಟದಲ್ಲಿ ಒಬ್ಬ ಸಂಶೋಧಕಿ ಇದ್ದಳು. ಸಂದರ್ಶನದಲ್ಲಿ ಉಳಿದದ್ದೆಲ್ಲ ಬಿಟ್ಟು ಅದರ ಮೇಲೆಯೇ ಪ್ರಶ್ನೆಗಳು ಬಂದವು, ಸೀಟೂ ಸಿಕ್ಕಿತು.

ಎಲ್ಲರಿಗೂ ಗಾಣಗಾಪುರ ಬೇಕೆಂದಿಲ್ಲ. ತೊಗರಿ ಕೈಕೊಟ್ಟ ವರ್ಷ ಮನೆಯಲ್ಲಿ ಏನಾಯಿತು, ಮುಂಬೈಗೆ ದುಡಿಯಲು ಹೋದ ಅಣ್ಣ ಊರಿಗೆ ಬಂದಮೇಲೆ ಮಾತು ಬಿಟ್ಟದ್ದೇಕೆ, ಇವೂ ಮನೋವಿಜ್ಞಾನದ ಪ್ರಶ್ನೆಗಳೇ. ಅದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳಿಲ್ಲ.

ಸೀಟು ಸಿಕ್ಕಮೇಲಿನ ಮೊದಲ ಆರು ತಿಂಗಳು ಇನ್ನೂ ಕಠಿಣ. ಬಿ.ಎ.ಯಲ್ಲಿ ಮುಲ್ಲರ್-ಲಯರ್ ಗೆರೆಗಳ ಪ್ರಯೋಗ ಮಾಡಿ ರೆಕಾರ್ಡ್ ಪುಸ್ತಕ ತುಂಬಿಸಿ ಬಂದವರ ಮುಂದೆ ಒಮ್ಮೆಲೇ ಸಂಖ್ಯಾಶಾಸ್ತ್ರ, ಕಂಪ್ಯೂಟರಿನ ವಿಶ್ಲೇಷಣೆ, ಇಂಗ್ಲಿಷ್ ಸಂಶೋಧನಾ ಲೇಖನಗಳು ಬಂದು ನಿಲ್ಲುತ್ತವೆ. ಸೆಮಿನಾರಿನಲ್ಲಿ ಪಟಪಟ ಇಂಗ್ಲಿಷ್ ಆಡುವವರ ಎದುರು ನಮ್ಮವರು ಬಾಯಿ ಬಿಡುವುದಿಲ್ಲ. ಅವರಿಗೆ ನಾನು ಹೇಳುವುದು ಇಷ್ಟೇ. ವಾರಕ್ಕೆ ಒಂದೇ ಲೇಖನ ಓದಿ, ಆದರೆ ಎರಡು ಸಲ ಓದಿ, ಅದರಲ್ಲಿ ಯಾರನ್ನು ಕೇಳಿದರು, ಏನನ್ನು ಅಳೆದರು, ಏನು ಸಿಕ್ಕಿತು ಎಂಬುದನ್ನು ಕನ್ನಡದಲ್ಲೇ ಒಂದು ಪುಟ ಬರೆದಿಡಿ. ಗೈಡ್ ಬಳಿಗೆ ಬರಿಗೈಲಿ ಹೋಗಬೇಡಿ, ಆ ಪುಟ ಹಿಡಿದು ಹೋಗಿ. ಸಂಖ್ಯಾಶಾಸ್ತ್ರಕ್ಕೆ ಹೆದರಿ ವಿಷಯ ಬಿಡಬೇಡಿ. ಮೊದಲ ಸೆಮಿಸ್ಟರಿನಲ್ಲಿ ಅದು ಬಾರದವರು ಇಂಗ್ಲಿಷ್ ಮಾಧ್ಯಮದವರಲ್ಲೂ ಬೇಕಾದಷ್ಟಿರುತ್ತಾರೆ, ಅವರು ಹೇಳಿಕೊಳ್ಳುವುದಿಲ್ಲ.

ಆಸ್ಪತ್ರೆಯ ತರಬೇತಿ ಶುರುವಾದಾಗ ಲೆಕ್ಕ ತಿರುಗುತ್ತದೆ. ಹೈದರಾಬಾದಿನ ಮನೋರೋಗ ವಿಭಾಗಗಳಿಗೆ ಜಹೀರಾಬಾದ್, ನಾರಾಯಣಖೇಡ, ನಾರಾಯಣಪೇಟೆ, ಬೀದರ್ ಕಡೆಯ ರೋಗಿಗಳು ಬರುತ್ತಾರೆ. ಅವರಲ್ಲಿ ಕನ್ನಡ ಆಡುವವರಿದ್ದಾರೆ, ದಖನಿ ಆಡುವವರಿದ್ದಾರೆ, ಮರಾಠಿಯವರಿದ್ದಾರೆ. ಬೀದರಿನ ಹುಡುಗಿಗೆ ಮೂರೂ ಬರುತ್ತವೆ, ತೆಲುಗನ್ನು ವರ್ಷದೊಳಗೆ ಕಲಿಯುತ್ತಾಳೆ. ಸೊಸೆ ತನ್ನ ಅತ್ತೆಯ ಮುಂದೆ ಏನು ಹೇಳುತ್ತಿಲ್ಲ ಎಂಬುದು ಆಕೆಗೆ ತಕ್ಷಣ ಗೊತ್ತಾಗುತ್ತದೆ. ಇದು ವೃತ್ತಿಯ ಅರ್ಹತೆ. ಪ್ರವೇಶ ಪರೀಕ್ಷೆಯಲ್ಲಿ ಇದಕ್ಕೆ ಒಂದು ಅಂಕವೂ ಇಲ್ಲ. ಚಿಕಿತ್ಸಾ ಮನೋವಿಜ್ಞಾನದ ಕೋರ್ಸುಗಳ ಸಂದರ್ಶನದಲ್ಲಾದರೂ ಅಭ್ಯರ್ಥಿಗೆ ಗೊತ್ತಿರುವ ಜನರ ಭಾಷೆಗಳಿಗೆ ಅಂಕ ಕೊಡಬೇಕು.

ಈ ಶಾಸ್ತ್ರ ನಮಗೆ ಪರಕೀಯವೂ ಅಲ್ಲ. ಲಂಡನ್ನಿನಲ್ಲಿ ಓದಿ ಬಂದ ಎಂ.ವಿ. ಗೋಪಾಲಸ್ವಾಮಿ ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಮನೋವಿಜ್ಞಾನ ವಿಭಾಗ ಕಟ್ಟಿದರು. ದೇಶದಲ್ಲಿ ಅದಕ್ಕಿಂತ ಮೊದಲು ಇದ್ದದ್ದು ಕಲ್ಕತ್ತಾದ ವಿಭಾಗ. ಮಕ್ಕಳ ಬುದ್ಧಿಮಟ್ಟ ಅಳೆಯಲು ಭಾರತದ ಕ್ಲಿನಿಕ್‌ಗಳಲ್ಲಿ ಇಂದಿಗೂ ಬಳಸುವ ಬಿನೆ-ಕಾಮತ್ ಪರೀಕ್ಷೆಯನ್ನು ವಿ.ವಿ. ಕಾಮತರು 1934ರಲ್ಲಿ ರೂಪಿಸಿದ್ದು ಕನ್ನಡ ಮತ್ತು ಮರಾಠಿ ಆಡುವ ಮಕ್ಕಳಿಗಾಗಿ, ಧಾರವಾಡದ ಸೀಮೆಯಲ್ಲಿ. ಇದನ್ನು ಹೇಳಿದಾಗ ನಮ್ಮ ಕಡೆಯ ವಿದ್ಯಾರ್ಥಿಗಳು ನೆಟ್ಟಗೆ ಕೂರುವುದನ್ನು ನಾನು ಕಂಡಿದ್ದೇನೆ.

ಪಿಎಚ್.ಡಿ.ಗೆ ಬಂದವರಿಗೆ ದುಡ್ಡಿನ ಪ್ರಶ್ನೆ. ನೆಟ್ ಮೂಲಕ ಜೆಆರ್‌ಎಫ್ ಫೆಲೋಶಿಪ್ ಸಿಕ್ಕವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಅದು ಸಿಗದೆ ಕೇಂದ್ರೀಯ ವಿಶ್ವವಿದ್ಯಾಲಯ ಸೇರಿದವರಿಗೆ ಕೊಡುತ್ತಾ ಬಂದಿರುವುದು 8,000. ಹೈದರಾಬಾದಿನಲ್ಲಿ ಹಾಸ್ಟೆಲ್ ಸಿಗದಿದ್ದರೆ ಅಷ್ಟು ಬಾಡಿಗೆಗೇ ಹೋಗುತ್ತದೆ. ಆ ಹಣವೂ ತಡವಾಗಿ ಬಂದರೆ ಮನೆಯಿಂದ ತರಿಸಲಾಗದ ವಿದ್ಯಾರ್ಥಿ ಏನು ಮಾಡಬೇಕು? 2016ರ ಜನವರಿಯಲ್ಲಿ ಇದೇ ನಗರದಲ್ಲಿ ಪ್ರಾಣ ಕಳೆದುಕೊಂಡ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ತನ್ನ ಕೊನೆಯ ಪತ್ರದಲ್ಲಿ ತನಗೆ ಬರಬೇಕಿದ್ದ ಏಳು ತಿಂಗಳ ಫೆಲೋಶಿಪ್ಪಿನ ಮಾತು ಬರೆದಿದ್ದ. ಫೆಲೋಶಿಪ್ ತಿಂಗಳ ಮೊದಲ ವಾರದಲ್ಲಿ ಬರಬೇಕು ಎಂಬುದು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬೇಡಿಕೆಯೇ. ಆ ವಿಷಯ ಕಲಿಸುವವರು ಅದನ್ನು ಮೊದಲು ಕೇಳಬೇಕು.

ಇನ್ನೊಂದು ಬಾಗಿಲು ಈಚೆಗೆ ಮುಚ್ಚಿತು. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಮನೋವಿಜ್ಞಾನ ಕಲಿಸುವಂತಿಲ್ಲ ಎಂದು ಯುಜಿಸಿ ಹೇಳಿದೆ. ರೋಗಿಯ ಮುಂದೆ ಕೂರದೆ ಈ ವಿದ್ಯೆ ಬರುವುದಿಲ್ಲ ಎಂಬ ಕಾರಣವನ್ನು ನಾನು ಒಪ್ಪುತ್ತೇನೆ. ಆದರೆ ಮದುವೆಯಾಗಿ ಊರಲ್ಲೇ ಉಳಿದ, ಶಾಲೆಯಲ್ಲಿ ಕೆಲಸ ಮಾಡುತ್ತಲೇ ಓದಬೇಕಾದ ಹೆಣ್ಣುಮಕ್ಕಳಿಗೆ ಇದ್ದ ದಾರಿಯೂ ಅದೊಂದೇ. ಅದನ್ನು ಮುಚ್ಚಿದ ಮೇಲೆ ಬೀದರಿನಲ್ಲಿ, ಯಾದಗಿರಿಯಲ್ಲಿ ತರಗತಿಗೆ ಹೋಗಿ ಕಲಿಯುವ ಎಂ.ಎ. ಬೇಕು.

1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿ ತೋರಿಸಿದ ಕೆಲಸವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ದೇಶಕ್ಕೆ ಮಾದರಿ ಕೊಟ್ಟ ಸೀಮೆಯ ಮಕ್ಕಳಿಗೆ ಆ ಕೆಲಸಕ್ಕೆ ಸೇರುವ ದಾರಿ ಗೊತ್ತಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಕಟ್ಟಡಗಳಿಗೆ ಕೊಡುವ ಹಣದಲ್ಲಿ ತೀರಾ ಸಣ್ಣ ಪಾಲು ತೆಗೆದಿಟ್ಟರೂ ಪ್ರತಿ ಜಿಲ್ಲೆಯಲ್ಲಿ ಒಂದು ಮಾರ್ಗದರ್ಶನ ಕೇಂದ್ರ ನಡೆಸಬಹುದು. ಪ್ರವೇಶದ ದಿನಾಂಕ, ಪುನರ್ವಸತಿ ಪರಿಷತ್ತು ಒಪ್ಪಿದ ಸಂಸ್ಥೆಗಳ ಪಟ್ಟಿ, ಅರ್ಜಿಯ ಬರಹ ತಿದ್ದುವ ಒಬ್ಬ ಅಧ್ಯಾಪಕರು ಅಲ್ಲಿದ್ದರೆ ಸಾಕು. ಪ್ರಾಂಶುಪಾಲರಲ್ಲಿ ನನ್ನ ಕೋರಿಕೆ: ಈ ವರ್ಷ ಬಿ.ಎ. ಸೇರುವ ಮಕ್ಕಳಿಗೆ ಮೊದಲ ತಿಂಗಳಲ್ಲೇ ಒಂದು ದಿನ ಈ ವಿಷಯಕ್ಕೆ ಮೀಸಲಿಡಿ. ಹೈದರಾಬಾದಿನಲ್ಲಿರುವ ನಮ್ಮಂಥವರನ್ನು ಕರೆಯಿರಿ, ಬೆಳಗಿನ ರೈಲಿಗೆ ಬರುತ್ತೇವೆ.